ಓರಗಿತ್ತಿಗೆ ಕೊಟ್ಟ ಎಲೆ

ಹಲ್ಲಕ್ಕನಿಗೆ ಗಿಡದ ಹುಚ್ಚು ಹತ್ತಿದ್ದು ಸಿಟ್ಟಿನಿಂದ. ಬೇರೆಯವರಿಗೆ ಮನಸ್ಸು ತಂಪಾಗಲಿ ಅಂತಲೋ, ಮನೆ ಚೆಂದ ಕಾಣಲಿ ಅಂತಲೋ ಹತ್ತುವ ಹುಚ್ಚು, ಈಕೆಗೆ ಬಸ್ಸಿನಲ್ಲಿ ಯಾರದೋ ನಗು ನೋಡಿ ಹತ್ತಿತು.

ಆಕೆಯ ಕೆಲಸ ಹಲ್ಲು ಕಟ್ಟುವುದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಹಲ್ಲಕ್ಕ ಅದಕ್ಕೆ ಪ್ಲಾಸ್ಟರು ಸುರಿದು, ಮೇಣದಲ್ಲಿ ವಸಡು ಕಟ್ಟಿ, ಬಣ್ಣದ ಪಟ್ಟಿ ಹಿಡಿದು ಹಲ್ಲು ಆರಿಸಿ ಕೂರಿಸುತ್ತಾಳೆ. ಬಿಳಿ ಎಂದರೆ ಒಂದೇ ಬಿಳಿ ಎಂದುಕೊಂಡವರು ಆ ಪಟ್ಟಿಯನ್ನು ಒಮ್ಮೆ ನೋಡಬೇಕು: ಹಾಲಿನ ಬಿಳಿ, ಕೆನೆಯ ಬಿಳಿ, ವರ್ಷಗಟ್ಟಲೆ ಚಹಾ ಕುಡಿದ ಬಿಳಿ, ಸಿಗರೇಟು ಸೇದಿದ ಬಿಳಿ. ಆ ದಿನ ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸು ಬಾಯಿ ತುಂಬ ನಕ್ಕಾಗ ಹಲ್ಲಕ್ಕ ಆ ಹಲ್ಲುಗಳ ಗುರುತು ಹಿಡಿದಳು. ಹುಟ್ಟು ಹಲ್ಲಿನ ಹಾಗೆ ಕಾಣಲಿ ಎಂದು ಮುಂದಿನ ಹಲ್ಲೊಂದನ್ನು ಪಕ್ಕದ್ದರ ಮೇಲೆ ಕೂದಲೆಳೆಯಷ್ಟು ಏರಿಸಿದ್ದು ಆಕೆಯೇ. ಅದಕ್ಕಾಗಿ ಒಂದು ಇಡೀ ಸಂಜೆ ಕತ್ತು ನೋಯಿಸಿಕೊಂಡಿದ್ದಳು.

"ನಮ್ಮ ಡಾಕ್ಟರ ಕೈ ಅಂದ್ರೆ ಕೈ ಕಣ್ರೀ," ಎಂದು ಆ ಹೆಂಗಸು ಪಕ್ಕದವಳಿಗೆ ಹೇಳುತ್ತಿದ್ದಳು. "ಕಟ್ಟಿಸಿದ್ದು ಅಂತ ಯಾರಿಗೂ ಗೊತ್ತೇ ಆಗಲ್ಲ."

ಡಾಕ್ಟರು ಮಾಡಿದ್ದೆಂದರೆ ಲ್ಯಾಬಿನಿಂದ ಬಂದ ಡಬ್ಬಿಯ ಮುಚ್ಚಳ ತೆಗೆದದ್ದು. ಹಲ್ಲಕ್ಕ ತನ್ನ ನಿಲ್ದಾಣ ಬರುವ ಮೊದಲೇ ಇಳಿದುಬಿಟ್ಟಳು. ಸಿಟ್ಟಿನಲ್ಲಿ ಬಿರಬಿರನೆ ನಡೆಯುವಾಗ ರಸ್ತೆಬದಿಯಲ್ಲಿ ಕುಂಡ ಹರಡಿಕೊಂಡು ಕೂತಿದ್ದವನ ಹತ್ತಿರ ಒಂದು ಪುಟ್ಟ ಗಿಡ ಕಣ್ಣಿಗೆ ಬಿತ್ತು. ಕಲ್ಲಂಗಡಿ ಸಿಪ್ಪೆಯ ಹಾಗೆ ಎಲೆಯ ಮೇಲೆಲ್ಲ ಬೆಳ್ಳಿಯ ಪಟ್ಟೆ. ಪೆಪರೋಮಿಯ ಅಂತ ಅವನು ಹೆಸರು ಹೇಳಿದ. "ಮೆಣಸಿನ ಬಳ್ಳಿಯ ದಾಯಾದಿ ಅಮ್ಮಾ. ಖಾರ ಮಾತ್ರ ಇಲ್ಲ." ಖಾರ ತನ್ನಲ್ಲೇ ಬೇಕಾದಷ್ಟಿದೆ ಎಂದುಕೊಂಡು ಆಕೆ ಅದನ್ನು ಮನೆಗೆ ತಂದಳು.

ಅಲ್ಲಿಂದ ಶುರುವಾಯಿತು. ಆಕೆಯ ಅಡುಗೆಮನೆ ಕಿಟಕಿಯ ಕಟ್ಟೆ ಬಲು ಕಿರಿದು, ಬಿಸಿಲೂ ಅಷ್ಟಕ್ಕಷ್ಟೆ. ಈ ಜಾತಿಗೆ ಅದೇ ಹಿತ. ಬೇರು ಚಿಕ್ಕದು, ದೊಡ್ಡ ಕುಂಡ ಕೊಟ್ಟರೆ ಮಣ್ಣು ಒದ್ದೆಯಾಗಿಯೇ ಉಳಿದು ಗಿಡ ಕೊಳೆಯುತ್ತದೆ. ಸುಕ್ಕುಸುಕ್ಕಾದ ಕಡುಗೆಂಪು ಎಲೆಯದು ಬಂತು. ನಾಣ್ಯದಂಥ ದುಂಡನೆಯ ಎಲೆಯದು ಬಂತು. ಬಟಾಣಿ ಕಾಯಿಯ ಹಾಗೆ ಮಡಚಿಕೊಂಡ ಎಲೆಯದು, ಮೇಲೆ ಹಸಿರಾಗಿ ಅಡಿಯಲ್ಲಿ ರಕ್ತಗೆಂಪಾಗಿರುವುದು, ಆಮೆಯ ಬೆನ್ನಿನ ಗುರುತು ಹೊತ್ತ ಅಂಗಿಗುಂಡಿ ಗಾತ್ರದ ಎಲೆಗಳು ದಾರದಲ್ಲಿ ಪೋಣಿಸಿದ ಹಾಗೆ ಜೋತುಬೀಳುವುದು, ಎಲ್ಲ ಬಂದವು. ಹೂವಿನ ಆಸೆ ಇದ್ದವರು ಈ ಗಿಡದ ತಂಟೆಗೆ ಹೋಗಬಾರದು, ಇದರ ಹೂವೆಂದರೆ ನೆಟ್ಟಗೆ ನಿಂತ ಇಲಿಬಾಲ. ಹಲ್ಲಕ್ಕನಿಗೆ ಅದೂ ಇಷ್ಟವೇ ಆಯಿತು.

ಆರಿಸುವುದರಲ್ಲಿ ಮಾತ್ರ ಆಕೆ ನರ್ಸರಿಯವನ ಪ್ರಾಣ ಹಿಂಡುತ್ತಿದ್ದಳು. ಸೊಂಪಾಗಿ ಬೆಳೆದದ್ದನ್ನು ಅವನು ಎತ್ತಿ ಕೊಟ್ಟರೆ ಮೂಗು ಮುರಿಯುತ್ತಿದ್ದಳು. ಎಲೆ ಮಗುಚಿ ಅಡಿಯಲ್ಲಿ ಬಿಳಿಹುಳುವಿದೆಯೇ ನೋಡಬೇಕು, ಕಾಂಡದ ಬುಡ ಒತ್ತಿ ಗಟ್ಟಿಯಿದೆಯೇ ನೋಡಬೇಕು, ಒಂದು ಎಲೆಯನ್ನು ಮೆಲ್ಲಗೆ ಬಾಗಿಸಿ ನೋಡಬೇಕು. ಸೆಟೆದಿದ್ದರೆ ನೀರಿದೆ, ಮೆತ್ತಗಿದ್ದರೆ ಬಾಯಾರಿದೆ, ಮಣ್ಣು ಒದ್ದೆಯಿದ್ದೂ ಎಲೆ ಮೆತ್ತಗಿದ್ದರೆ ಬೇರು ಸತ್ತಿದೆ, ಪುಕ್ಕಟೆ ಕೊಟ್ಟರೂ ಬೇಡ. ಇಷ್ಟೆಲ್ಲ ಆದ ಮೇಲೆ ಎಲ್ಲಕ್ಕಿಂತ ಚಿಕ್ಕದನ್ನು, ಆದರೆ ಹೆಚ್ಚು ಕುಡಿಯಿರುವುದನ್ನು, ಎತ್ತಿಕೊಳ್ಳುತ್ತಿದ್ದಳು. "ನನ್ನ ಹಲ್ಲೂ ಒಂದ್ಸಲ ನೋಡಿಬಿಡಿ ಅಮ್ಮಾ, ಅದೊಂದ್ಯಾಕೆ ಬಿಡ್ತೀರಾ," ಎಂದು ನರ್ಸರಿಯವನು ಬಾಯಿ ತೆರೆದು ತೋರಿಸಿದ್ದೂ ಉಂಟು. ಆಕೆ ನಗಲಿಲ್ಲ, ದವಡೆಯ ಹಲ್ಲೊಂದು ಹುಳುಕಾಗಿದೆ ಎಂದು ಹೇಳಿ ಬಂದಳು.

ಇಷ್ಟರಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಮೇಲಿನ ಮಹಡಿಯಲ್ಲಿ ಓರಗಿತ್ತಿಯಿದ್ದಳು.

ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಆಯಾ ಆಗಿದ್ದಳು. ಬಾಯಿ ಸ್ವಲ್ಪ ಜಾಸ್ತಿ, ಮನಸ್ಸು ಒಂದಿಷ್ಟೂ ಕೆಟ್ಟದ್ದಲ್ಲ. ಹಲ್ಲಕ್ಕನಿಗೆ ನುಂಗಲಾಗದೇ ಇದ್ದದ್ದು ಅದೇ. ಕೆಟ್ಟವಳಾಗಿದ್ದರೆ ಹಾಯಾಗಿ ಜಗಳವಾಡಿಕೊಂಡು ಇರಬಹುದಿತ್ತು. ಮನೆಗೆ ಬಂದ ನೆಂಟರು ಕೆಳಗಿನ ಬಾಗಿಲಲ್ಲಿ "ಹೇಗಿದೀರಿ" ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ಮೆಟ್ಟಿಲು ಹತ್ತುತ್ತಿದ್ದರು. ಅತ್ತೆಯಂತೂ ಎಂದೋ ತಮ್ಮ ಹಾಸಿಗೆಯನ್ನು ಮೇಲಕ್ಕೆ ಸಾಗಿಸಿಕೊಂಡಿದ್ದರು.

ಆ ಕಲ್ಲಂಗಡಿ ಪಟ್ಟೆಯ ಗಿಡ ಬಂದ ವರ್ಷವೇ ಓರಗಿತ್ತಿ ಬಂದು, "ಅಕ್ಕಾ, ನಂಗೂ ಒಂದು ಚೂರು ಕೊಡ್ರಲ್ಲಾ," ಎಂದಳು. ಹಲ್ಲಕ್ಕ ಆಗ ಒಳ್ಳೆಯ ಮನಸ್ಸಿನಿಂದಲೇ ಬುಡ ಬಿಡಿಸಿ ಬೇರುಸಮೇತ ಒಂದು ಹಿಳ್ಳೆ ಕೊಟ್ಟಳು. ಓರಗಿತ್ತಿ ಅದನ್ನು ಹಿಡಿಕೆ ಮುರಿದ ಪಾತ್ರೆಯೊಂದರಲ್ಲಿ ಚುಚ್ಚಿ, ನೆನಪಾದಾಗ ಲೋಟ ತೊಳೆದ ನೀರು ಸುರಿದಳು. ನ್ಯಾಯವಾಗಿ ಅದು ಸಾಯಬೇಕಿತ್ತು. ಅದು ತಾಯಿಗಿಡದ ಎರಡರಷ್ಟಾಗಿ ಪಾತ್ರೆ ತುಂಬಿ ನಿಂತಿತು. ಬಂದವರೆಲ್ಲ ಅದರ ಮುಂದೆ ನಿಂತು ಬಾಯಿಬಿಟ್ಟರು. "ಇವಳ ಕೈಗುಣ ನೋಡಿ," ಎಂದು ಅತ್ತೆ ಮೆಟ್ಟಿಲ ಕೆಳಗಿನವರೆಗೂ ಕೇಳುವಂತೆ ಹೇಳಿದರು. ಗಿಡ ಯಾರ ಮನೆಯಿಂದ ಬಂತೆಂದು ಯಾರೂ ಕೇಳಲಿಲ್ಲ.

ಆ ದಿನದಿಂದ ಹಲ್ಲಕ್ಕ ಓರಗಿತ್ತಿಗೆ ಹಿಳ್ಳೆಯನ್ನೂ ಕೊಡಲಿಲ್ಲ, ಕಾಂಡವನ್ನೂ ಕೊಡಲಿಲ್ಲ. ಕೇಳಿದಾಗಲೆಲ್ಲ ಒಂದು ಎಲೆ ಕಿತ್ತು ಕೊಟ್ಟಳು. ಪೆಪರೋಮಿಯದ ಎಲೆ ನೆಟ್ಟರೂ ಗಿಡವಾಗುತ್ತದೆ, ಸುಳ್ಳಲ್ಲ. ಆದರೆ ಮರಿ ಕಣ್ಣು ಬಿಡಲು ಬಹಳ ಕಾಲ ಬೇಕು. ಇನ್ನೊಂದು ಸಂಗತಿಯಿದೆ. ಎಲೆಯ ಮೇಲೆ ಬಿಳಿಯೋ ಕೆನೆಯೋ ಬಣ್ಣ ಬೆರೆತ ತಳಿಗಳಿವೆಯಲ್ಲ, ಅವುಗಳ ಎಲೆ ನೆಟ್ಟರೆ ಹುಟ್ಟುವ ಮರಿ ಬರೀ ಹಸಿರು. ಬಣ್ಣ ಉಳಿಯಬೇಕಾದರೆ ಕಾಂಡವನ್ನೇ ಕಡಿದು ನೆಡಬೇಕು. ಗಿಡ ಕೂಡಿಸುವವರಿಗೆಲ್ಲ ಇದು ಗೊತ್ತು, ಓರಗಿತ್ತಿಗೆ ಗೊತ್ತಿರಲಿಲ್ಲ. ಆಕೆ ಪ್ರತಿ ಎಲೆಯನ್ನೂ ಎರಡು ಕೈಯಲ್ಲಿ ಈಸಿಕೊಂಡು ಹೋಗುತ್ತಿದ್ದಳು. ಕೊಟ್ಟೆ ಎಂಬ ಹೆಸರೂ ಬಂತು, ಕೊಟ್ಟದ್ದು ಬೆಳೆಯಲೂ ಇಲ್ಲ ಎಂದು ಹಲ್ಲಕ್ಕ ಒಳಗೊಳಗೇ ಬೀಗಿದಳು. ಇಂಥ ಸಣ್ಣತನ ಹೊರಗೆ ಯಾರಿಗೂ ಕಾಣುವುದಿಲ್ಲ, ಅದಕ್ಕೇ ಬಹಳ ಕಾಲ ಬಾಳುತ್ತದೆ.

ಹೀಗಿರುವಾಗ ಆಕೆಯ ಬಾಳಿನಲ್ಲಿ ನಡೆಯಬೇಕಾದ ಒಂದು ದೊಡ್ಡ ಸಂಗತಿ ನಡೆಯಿತು. ದಪ್ಪ ಎಲೆಯ, ಏನೂ ವಿಶೇಷವಿಲ್ಲದ ಹಸಿರು ಪೆಪರೋಮಿಯವೊಂದು ಸಿಂಕಿನ ಪಕ್ಕದಲ್ಲಿತ್ತು. ಅದರ ಒಂದು ಕೊಂಬೆಯಲ್ಲಿ ಹೊಸ ಎಲೆ ಬಿಚ್ಚಿದಾಗ ನಡುನರದ ಉದ್ದಕ್ಕೂ ಒಂದು ಬಿಳಿ ಗೆರೆ ಇತ್ತು. ಅಂಚಿನಲ್ಲಿ ಬಿಳಿ ಇರುವ ತಳಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ನಡುವಿನಲ್ಲಿ, ಗೆರೆ ಎಳೆದ ಹಾಗೆ, ಎಲ್ಲೂ ಇಲ್ಲ. ಮುಂದಿನ ಎಲೆಯಲ್ಲೂ ಅದು ಬಂತು, ಅದರ ಮುಂದಿನದರಲ್ಲೂ ಬಂತು. ಹಲ್ಲಕ್ಕ ಲ್ಯಾಬಿನ ಬಣ್ಣದ ಪಟ್ಟಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದು ಗೆರೆಗೆ ಹಿಡಿದು ನೋಡಿದಳು. ಅಪ್ಪಟ ಹಾಲಿನ ಬಿಳಿ. ಆ ಕೊಂಬೆ ಕಡಿದು ಬೇರೆ ಕುಂಡದಲ್ಲಿ ನೆಟ್ಟಳು, ಗೆರೆ ಉಳಿಯಿತು. ಮನಸ್ಸಿನಲ್ಲೇ ಅದಕ್ಕೆ ಹಾಲುಗೆರೆ ಎಂದು ಹೆಸರಿಟ್ಟಳು.

ಹೆಸರಿಡುವುದು ಆಕೆಯೊಬ್ಬಳ ಕೈಯಲ್ಲಿರಲಿಲ್ಲ. ಊರಿನಲ್ಲಿ ಮನೆಗಿಡ ಬೆಳೆಸುವವರ ಒಂದು ಸಂಘವಿತ್ತು. ಅದರ ಹಿರಿಯನೊಬ್ಬ ಸದಾ ಕೊರಳಲ್ಲಿ ಭೂತಗನ್ನಡಿ ತೂಗುಹಾಕಿಕೊಂಡು ತಿರುಗುತ್ತಿದ್ದ. ಆತನಿಗೆ ಹೆಸರೂ ಭೂತಗನ್ನಡಿ ಎಂದೇ. ಹೊಸ ತಳಿಯನ್ನು ಸಂಘ ಒಪ್ಪಬೇಕಾದರೆ ಆತನ ನಿಯಮ ಕಟ್ಟುನಿಟ್ಟು. ಕಂಡುಹಿಡಿದವರ ಮನೆಯಲ್ಲಿ ಚೆನ್ನಾಗಿದ್ದರೆ ಸಾಲದು. ಬೇರೆ ಮೂರು ಮನೆಗೆ ಕಾಂಡ ಕೊಟ್ಟು, ಒಂದು ವರ್ಷ ಬೆಳೆಸಿ, ಎಲ್ಲವನ್ನೂ ಒಂದೇ ಮೇಜಿನ ಮೇಲೆ ತಂದಿಡಬೇಕು. ಮೂರರಲ್ಲಿ ಒಂದು ಮನೆ ಸಂಘದ ಹೊರಗಿನದಾಗಿರಬೇಕು. ಕೊಟ್ಟದ್ದೆಲ್ಲವನ್ನೂ ತೋರಿಸಬೇಕು, ಬಣ್ಣ ಕಳೆದುಕೊಂಡದ್ದನ್ನು ಬಚ್ಚಿಟ್ಟು ಚೆಂದದ್ದನ್ನಷ್ಟೇ ತಂದದ್ದು ಗೊತ್ತಾದರೆ ಆ ತಳಿಗೆ ಬಾಗಿಲು ಮುಚ್ಚಿದ ಹಾಗೆ. ಒಪ್ಪಿಗೆಯಾದರೆ ಸಂಘದ ಪಟ್ಟಿಯಲ್ಲಿ ತಳಿಯ ಹೆಸರಿನ ಮುಂದೆ ಕಂಡುಹಿಡಿದವರ ಹೆಸರು ಶಾಶ್ವತವಾಗಿ ಅಚ್ಚಾಗುತ್ತಿತ್ತು.

ಹಲ್ಲಕ್ಕನಿಗೆ ಬೇಕಿದ್ದುದು ಅಷ್ಟೇ. ಊರಿನ ಅದೆಷ್ಟೋ ಬಾಯಿಗಳಲ್ಲಿ ಆಕೆಯ ಕೈಕೆಲಸ ಉಣ್ಣುತ್ತಿತ್ತು, ನಗುತ್ತಿತ್ತು, ಮುತ್ತಿಡುತ್ತಿತ್ತು. ಒಂದರ ಮೇಲೂ ಆಕೆಯ ಗುರುತಿರಲಿಲ್ಲ. ಇದೊಂದು ತನ್ನದು ಅನ್ನಿಸಿಕೊಳ್ಳಲಿ ಎಂದು ಆಕೆ ಹಸಿದವರ ಹಾಗೆ ಆಸೆಪಟ್ಟಳು.

ರಜೆಯ ದಿನ ಎಲ್ಲರೂ ಮೇಲಿನ ಮನೆಯಲ್ಲಿ ಊಟಕ್ಕೆ ಕೂತಾಗ ಆಕೆಯ ಗಂಡ ಬಾಯಿಬಿಟ್ಟ. ಲಿಫ್ಟ್ ರಿಪೇರಿ ಮಾಡುವ ಆತ ಮಾತಿನಲ್ಲಿ ಮಹಾ ಜಿಪುಣ. ಅಂಥವನಿಗೆ ಅಂದೇ ಉದಾರ ಬುದ್ಧಿ ಬರಬೇಕೇ?

"ಸಂಘದಲ್ಲಿಲ್ಲದೋರ ಮನೆ ಒಂದು ಬೇಕಂತೆ. ದೂರ ಯಾಕೆ ಹುಡುಕ್ತೀಯ? ಮೇಲೇ ಇದಾಳಲ್ಲ. ಇವಳಿಗಿಂತ ಕೈಗುಣ ಇನ್ಯಾರಿಗಿದೆ?"

"ಅಯ್ಯೋ, ನಂಗಾ?" ಓರಗಿತ್ತಿ ತಟ್ಟೆಯ ಮೇಲೆ ಕೈ ಹಾಗೇ ನಿಲ್ಲಿಸಿದಳು. "ಅಕ್ಕಾ, ನಿಮ್ಮ ಪರೀಕ್ಷೆ ಗಿಡ ನಂಗೆ ಕೊಡ್ತೀರಾ? ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ."

ಎಲ್ಲರೂ ಹಲ್ಲಕ್ಕನ ಮುಖ ನೋಡಿದರು. ಆಕೆ "ಆಯ್ತು" ಎಂದಳು. ಹಾಲುಗೆರೆಯೂ ಆ ಹಿಡಿಕೆ ಮುರಿದ ಪಾತ್ರೆಯಲ್ಲಿ ಕೊಬ್ಬಿ, ನಾಳೆ ಸಂಘದವರೂ ಕೈಗುಣ ಕೈಗುಣ ಎಂದು ತಲೆದೂಗುವುದು ಕಣ್ಣಿಗೆ ಕಟ್ಟಿತು.

ಕೆಳಗೆ ಬಂದು ಒಂದು ಎಲೆ ಕಿತ್ತಳು, ಮೇಲೆ ಕೊಟ್ಟಳು. ಮಾರನೆಯ ದಿನ ಕಾಂಡಗಳನ್ನು ಕಡಿದು ಸಂಘದ ಇಬ್ಬರಿಗೆ ಕೊಟ್ಟಳು. ಮೂರನೆಯದನ್ನು ದಂತವೈದ್ಯರ ಕ್ಲಿನಿಕ್ಕಿನಲ್ಲಿ ಫೋನು ಹಿಡಿಯುವ ಹೆಂಗಸಿಗೆ ಕೊಟ್ಟು, ಹೊರಗಿನ ಮನೆ ಎಂದು ಆಕೆಯದನ್ನೇ ಬರೆಸಿದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಓರಗಿತ್ತಿಯ ಎಲೆ ಎಂದಿನ ಹಾಗೆ ಮಂಕಾಗಿ ಕೂತಿರುತ್ತದೆ, ಯಾರ ಲೆಕ್ಕಕ್ಕೂ ಬರುವುದಿಲ್ಲ ಎಂದು ನೆಮ್ಮದಿಯಾಗಿದ್ದಳು.

ವರ್ಷ ಉರುಳಿತು. ಮೆಟ್ಟಿಲಲ್ಲಿ ಸಿಕ್ಕಾಗ ಓರಗಿತ್ತಿ ಮೊದಮೊದಲು "ಚಿಗುರಿದೆ ಅಕ್ಕಾ" ಎನ್ನುತ್ತಿದ್ದಳು. ಆಮೇಲಾಮೇಲೆ ಗಿಡದ ಮಾತೆತ್ತಿದರೆ ಬೇರೆ ಮಾತಿಗೆ ಹಾರುತ್ತಿದ್ದಳು. ಸತ್ತಿದೆ, ಹೇಳಲು ನಾಚಿಕೆ ಎಂದು ಹಲ್ಲಕ್ಕ ಅರ್ಥ ಮಾಡಿಕೊಂಡಳು. ಕೆದಕಿ ಕೇಳುವಷ್ಟು ಕೆಟ್ಟವಳು ತಾನಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಪ್ರದರ್ಶನದ ದಿನ ಸಭಾಂಗಣದ ಉದ್ದನೆಯ ಮೇಜಿನ ಮೇಲೆ ತಾಯಿಗಿಡ, ಪಕ್ಕದಲ್ಲಿ ಮೂರು ಮನೆಯ ಮೂರು ಮರಿ. ಎಲ್ಲದರ ಎಲೆಯ ನಡುವೆಯೂ ಹಾಲಿನ ಗೆರೆ. ಭೂತಗನ್ನಡಿ ಬಗ್ಗಿ ಒಂದೊಂದು ಎಲೆಯನ್ನೂ ಕನ್ನಡಿಗೆ ಹಿಡಿದು ನೋಡಿದ. ಜನ ಸುತ್ತ ಸೇರಿದರು. ಆತ ಬೆನ್ನು ನೆಟ್ಟಗೆ ಮಾಡಿ, "ನನ್ನ ಕಾಲದಲ್ಲಿ ಇಂಥದ್ದು ನೋಡಿರಲಿಲ್ಲ," ಎಂದ. ಹಲ್ಲಕ್ಕನಿಗೆ ಕಣ್ಣು ತುಂಬಿ ಮೇಜೇ ಕಾಣದಾಯಿತು. ಅಷ್ಟು ಸುಖವನ್ನು ಆಕೆ ಮದುವೆಯಾದಾಗಲೂ ಕಂಡಿರಲಿಲ್ಲ.

"ಸ್ವಲ್ಪ ದಾರಿ ಬಿಡಿ, ದಾರಿ ಬಿಡಿ!"

ಜನರ ನಡುವೆ ನುಗ್ಗಿ ಬಂದವಳು ಓರಗಿತ್ತಿ. ಮಕ್ಕಳ ಕೇಂದ್ರದಲ್ಲಿ ಅನುಮತಿ ಕೇಳಿ ಓಡೋಡಿ ಬಂದಿದ್ದಳು, ಸೆರಗಿಗೆ ಯಾವುದೋ ಮಗುವಿನ ಹಾಲಿನ ಕಲೆ ಇನ್ನೂ ಹಸಿಯಾಗಿತ್ತು. ಎದೆಗವಚಿಕೊಂಡಿದ್ದ ಕುಂಡವನ್ನು ಮೇಜಿನ ಮೇಲಿಟ್ಟಳು. ಗಿಡ ಗುಂಡುಗುಂಡಾಗಿ, ಎಲೆಗಳು ಒರೆಸಿ ಇಟ್ಟ ಹಾಗೆ ಹೊಳೆಯುತ್ತ, ಬೇರೆ ಎಲ್ಲಕ್ಕಿಂತ ದೊಡ್ಡದಾಗಿ ನಿಂತಿತ್ತು. ಗೆರೆ ಮಾತ್ರ ಒಂದು ಎಲೆಯಲ್ಲೂ ಇರಲಿಲ್ಲ.

"ತಡ ಆಯ್ತು ಸಾರ್. ಅಕ್ಕ ಪರೀಕ್ಷೆಗೆ ಅಂತ ಕೊಟ್ಟಿದ್ದು ಇದೂ ಒಂದು. ಗೆರೆ ಬಂದಿಲ್ಲ, ನಾನೇ ಏನೋ ಕೆಡಿಸಿರ್ಬೇಕು. ಬಂದೀತು ಬಂದೀತು ಅಂತ ಕಾದೆ, ಅಕ್ಕಂಗೆ ಹೇಳೋಕೂ ಧೈರ್ಯ ಬರ್ಲಿಲ್ಲ."

ಹಲ್ಲಕ್ಕ ತಾಯಿಗಿಡದ ಕುಂಡವನ್ನು ತನ್ನತ್ತ ಎಳೆದುಕೊಂಡಳು.

"ನಾಲ್ಕನೇ ಮನೆ," ಎಂದ ಭೂತಗನ್ನಡಿ. ಆತನ ದನಿ ಬದಲಾಗಿತ್ತು. "ಇದನ್ನ ಬರೆಸಿಲ್ಲ ನೀವು. ಕಾಂಡ ಕೊಟ್ಟಿದ್ರಾ, ಎಲೆ ಕೊಟ್ಟಿದ್ರಾ?"

ಎಲೆ ಎಂದರೆ ಮುಗಿಯಿತು. ಎಲೆಯಿಂದ ಬಂದ ಹಸಿರು ಗಿಡ ಯಾವ ಲೆಕ್ಕಕ್ಕೂ ಇಲ್ಲ, ಹಾಲುಗೆರೆಗೆ ಹೆಸರು ಸಿಕ್ಕೇ ಸಿಗುತ್ತದೆ. ಆ ಎರಡಕ್ಷರ ಆಕೆಯ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಆತನೇ ಮುಂದುವರಿಸಿದ:

"ಎಲೆಯಾದರೆ ಗೆರೆ ಬರಲ್ಲ, ಅದು ಇಲ್ಲಿರೋ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಪರೀಕ್ಷೆಗೆ ಅಂತ ಹೇಳಿ ಈಕೆಗೆ ಎಲೆ ಕೊಟ್ಟಿದ್ರೆ ಅದು ಮೋಸ ಕಣಮ್ಮ. ಪಾಪ, ಒಂದು ವರ್ಷ ಬೆಳೆಸಿದಾಳೆ."

ಎಲ್ಲರ ಕಣ್ಣೂ ಹಲ್ಲಕ್ಕನ ಮೇಲೆ. ಆಕೆಯ ಮುಖ ಕೆಂಪಾದದ್ದನ್ನು ಓರಗಿತ್ತಿ ನೋಡಿದಳು. ನೋಡಿದವಳು ಒಂದು ಹೆಜ್ಜೆ ಮುಂದೆ ಬಂದು ಇಬ್ಬರ ನಡುವೆ ನಿಂತಳು.

"ಯಾರ್ರೀ ಮೋಸ ಮಾಡಿದ್ದು? ಕಾಂಡಾನೇ ಕೊಟ್ಟಿದ್ರು. ನನ್ನ ಕೈಯಾರೆ ನೆಟ್ಟಿದೀನಿ. ನಮ್ಮಕ್ಕ ಹಾಗೆಲ್ಲ ಮಾಡೋರಲ್ಲ."

"ಹೌದೇನಮ್ಮ?" ಭೂತಗನ್ನಡಿ ಹಲ್ಲಕ್ಕನನ್ನು ಕೇಳಿದ.

ಆಗಲೂ ಹೇಳಬಹುದಿತ್ತು. ಇಲ್ಲ, ಎಲೆ ಎಂದಿದ್ದರೆ ಗಿಡ ಉಳಿಯುತ್ತಿತ್ತು. ಆದರೆ ತನ್ನ ಮುಂದೆ ಗೋಡೆಯಾಗಿ ನಿಂತವಳ ಬೆನ್ನಿನ ಹಿಂದಿನಿಂದ ಆ ಮಾತು ಹೇಳಬೇಕಿತ್ತು. ಹಲ್ಲಕ್ಕ "ಹೌದು" ಎಂದಳು.

ಭೂತಗನ್ನಡಿ ಕನ್ನಡಿಯನ್ನು ಎದೆಯ ಮೇಲೆ ಇಳಿಬಿಟ್ಟ. "ಹಾಗಾದರೆ ಬಣ್ಣ ನಿಲ್ಲಲ್ಲ. ನಿಲ್ಲದ್ದನ್ನು ಬಚ್ಚಿಟ್ಟು ನಿಂತದ್ದನ್ನ ತಂದಿದೀರಿ. ಈ ಗಿಡಕ್ಕೆ ನಮ್ಮಲ್ಲಿ ಇನ್ನು ಹೆಸರಿಲ್ಲ." ಅಷ್ಟು ಹೇಳಿ ಮುಂದಿನ ಮೇಜಿಗೆ ಹೋದ. ಸುತ್ತ ನಿಂತವರು ಹಲ್ಲಕ್ಕನ ಕಣ್ಣು ತಪ್ಪಿಸಿ ಒಬ್ಬೊಬ್ಬರಾಗಿ ಕರಗಿದರು. ಕಾಂಡ ಕೊಂಡೊಯ್ದಿದ್ದ ಇಬ್ಬರೂ ತಮ್ಮ ಕುಂಡಗಳನ್ನು ಆಕೆಯ ಮುಂದೆ ಸರಿಸಿ ಹೋದರು.

ಬಸ್ಸಿನಲ್ಲಿ ಓರಗಿತ್ತಿ ಎರಡು ಕುಂಡಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಯಾರಿಗೂ ಕೇಳದ ಹಾಗೆ ಹತ್ತಿರ ಬಾಗಿದಳು.

"ನಂಗೊತ್ತಕ್ಕಾ, ಅದು ಎಲೆ ಅಂತ. ಸುಳ್ಳು ಹೇಳಿದೆ, ತಪ್ಪು ತಿಳ್ಕೋಬೇಡಿ. ಅಷ್ಟು ಜನರ ಮುಂದೆ ಆ ಮನುಷ್ಯ ನಿಮ್ಮನ್ನ ಮೋಸ ಗೀಸ ಅಂದ್ಬಿಟ್ನಲ್ಲ, ತಡ್ಕೊಳ್ಳೋಕಾಗ್ಲಿಲ್ಲ. ನಿಮ್ಮ ಸ್ವಭಾವ ಅವನಿಗೇನು ಗೊತ್ತು? ನಾನು ಮೊದಲಿಂದ ನೋಡ್ತಿದೀನಿ, ಯಾವಾಗ ಕೇಳಿದ್ರೂ ಒಂದು ಎಲೆ ಅಷ್ಟೇ ಕೀಳ್ತೀರಿ. ಕಡಿದ್ರೆ ಗಿಡಕ್ಕೆ ನೋವಾಗುತ್ತೆ ಅಂತ. ಅತ್ತೇಗೂ ಎಷ್ಟು ಸಲ ಹೇಳಿದೀನಿ, ಅಕ್ಕಂದು ಹೊರಗೆ ಒರಟು, ಒಳಗೆ ಬೆಣ್ಣೆ ಅಂತ. ಪರೀಕ್ಷೆಗೂ ಕಡಿಯೋಕೆ ಮನಸ್ಸು ಬಂದಿಲ್ಲ ನೋಡಿ."

ಹಲ್ಲಕ್ಕ ಕಿಟಕಿಯ ಕಡೆ ತಿರುಗಿದಳು. ಬೈಯುವುದಕ್ಕಾದರೂ ಇವಳು ಒಂದು ಕಾರಣ ಕೊಡಬಾರದಿತ್ತೇ? ಇಷ್ಟು ವರ್ಷ ತಾನು ಹಗೆ ಸಾಧಿಸಿದ್ದೇನೆಂದುಕೊಂಡಿದ್ದರೆ, ಈ ಹುಚ್ಚಿ ಅದನ್ನೆಲ್ಲ ಕರುಣೆಯೆಂದು ಜೋಪಾನ ಮಾಡಿಟ್ಟುಕೊಂಡಿದ್ದಳು. ಸಿಟ್ಟಿಗೂ ಈಗ ಜಾಗವಿರಲಿಲ್ಲ.

ಮನೆ ತಲುಪಿದ ಮೇಲೆ ತಾಯಿಗಿಡವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮೇಣ ಕೊರೆಯುವ ಚೂಪು ಚಾಕು ತೆಗೆದಳು. ಕೊಡಬೇಕು, ಈ ಸಲ ಕಾಂಡವನ್ನೇ ಕೊಡಬೇಕು, ಎಲ್ಲಕ್ಕಿಂತ ಒಳ್ಳೆಯ ಕೊಂಬೆಯನ್ನೇ ಕೊಡಬೇಕು. ಬಾಗಿಲಲ್ಲಿ ನಿಂತಿದ್ದ ಓರಗಿತ್ತಿಯನ್ನು ಒಳಗೆ ಕರೆದಳು. ಚಾಕು ಕೊಂಬೆಗೆ ತಾಗುವಷ್ಟರಲ್ಲಿ ಓರಗಿತ್ತಿ ಗಾಬರಿಯಾಗಿ ಬಂದು ಆಕೆಯ ಮಣಿಕಟ್ಟು ಹಿಡಿದಳು.

"ಬೇಡಕ್ಕಾ, ನನಗೋಸ್ಕರ ಕಡೀಬೇಡಿ. ಇವತ್ತು ಆಗಿದ್ದೇ ಸಾಕಾಗಿದೆ ನಿಮಗೆ. ನಂಗೆ ಗೆರೆ ಇಲ್ಲದಿದ್ರೂ ಪರವಾಗಿಲ್ಲ. ಒಂದು ಎಲೆ ಕೊಡಿ, ಸಾಕು."

ಒಂದು ಮಾತು ಸಾಕಿತ್ತು. ನನಗೆ ಗಿಡದ ಮೇಲೆ ಮರುಕವಲ್ಲ, ನಿನ್ನ ಮೇಲೆ ಹೊಟ್ಟೆಕಿಚ್ಚು ಎಂದು ಹೇಳಿದ್ದರೆ ಆ ಕೈ ಸಡಿಲವಾಗುತ್ತಿತ್ತು, ಕೊಂಬೆ ಮೇಲಿನ ಮನೆಗೆ ಹೋಗುತ್ತಿತ್ತು. ಹಲ್ಲಕ್ಕ ಚಾಕು ಕೆಳಗಿಟ್ಟು ಒಂದು ಎಲೆ ಕಿತ್ತಳು. ಓರಗಿತ್ತಿ ಅದನ್ನು ಎರಡು ಕೈಯಲ್ಲಿ ಈಸಿಕೊಂಡಳು.

"ನೋಡಿ, ನಾನ್ ಹೇಳ್ಲಿಲ್ವಾ," ಎಂದು ನಕ್ಕು, ಅತ್ತೆಗೆ ತೋರಿಸಲು ಮೆಟ್ಟಿಲು ಹತ್ತಿದಳು.